ಮನೆಯಲ್ಲಿ ಏನು ಹುದುಗಿಸೋಣ? ಕಲಬುರಗಿ ಬಿಸಿಲಿಗೊಂದು ಹೋಲಿಕೆ

ಹೋದ ಏಪ್ರಿಲ್‌ನಲ್ಲಿ ನನ್ನ ಅಕ್ಕನ ಮಗ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ ಅಂತ ಕಲಬುರಗಿಗೆ ಬಂದ. ಬಂದ ಎರಡನೇ ದಿನಕ್ಕೇ ನಮ್ಮ ಮನೆಗೆ ಬಂದು ಫೋನಿನಲ್ಲಿ ಒಂದು ವಿಡಿಯೊ ತೋರಿಸಿದ. ಯಾವ ದೇಶದವನೋ ಒಬ್ಬ ಗಡ್ಡದವನು ಅಡುಗೆಮನೆಯಲ್ಲಿ ಇಷ್ಟೆತ್ತರದ ಸ್ಟೀಲ್ ಪಾತ್ರೆ ಇಟ್ಟುಕೊಂಡು ಬಿಯರ್ ಕುದಿಸುತ್ತಿದ್ದ. "ಮಾಮಾ, ನಾನೂ ಇದನ್ನ ಮಾಡ್ಬೇಕು. ಇಲ್ಲಾಂದ್ರ ಕೊಂಬುಚಾ. ಇಲ್ಲಾಂದ್ರ ಜಿಂಜರ್ ಬಿಯರ್. ಯಾವುದು ಛಲೋ ಹೇಳು."

ಕೊಂಬುಚಾ ಅಂದರೆ ಹುಳಿ ಬರಿಸಿದ ಸಿಹಿ ಚಹಾ, ಜಿಂಜರ್ ಬಿಯರ್ ಅಂದರೆ ಹುದುಗಿಸಿ ಗ್ಯಾಸ್ ಬರಿಸಿದ ಶುಂಠಿ ಪಾನೀಯ. ನಾನು ಏನೂ ಹೇಳದೆ ಅಡುಗೆಮನೆಯ ಗೂಡಿನಲ್ಲಿದ್ದ ಥರ್ಮಾಮೀಟರ್ ತಂದು ಅವನ ಕೈಗೆ ಕೊಟ್ಟೆ. ಮಧ್ಯಾಹ್ನ ಮೂರು ಗಂಟೆ. 38.6 ತೋರಿಸುತ್ತಿತ್ತು. ಅದು ಮನೆಯೊಳಗಿನ ಲೆಕ್ಕ.

ಇದೇ ಗೊಂದಲ ಇಟ್ಟುಕೊಂಡು ನನ್ನನ್ನು ಕೇಳಿದವರು ಇವನೊಬ್ಬನೇ ಅಲ್ಲ. ಆಫೀಸಿನಲ್ಲಿ ಇಬ್ಬರು, ಓಣಿಯಲ್ಲಿ ಒಬ್ಬರು ಕೇಳಿದ್ದಾರೆ. ಎಲ್ಲರೂ ಹೆಸರು ಹಿಡಿದು ಕೇಳುತ್ತಾರೆ: ಬಿಯರಾ, ಕೊಂಬುಚಾನಾ? ನನ್ನ ಅನುಭವದಲ್ಲಿ ಹೆಸರು ಆಮೇಲೆ ಬರಬೇಕು. ಮೊದಲು ನಿಮ್ಮ ಮನೆ ಎಂಥದ್ದು ಅಂತ ನೋಡಿಕೊಳ್ಳಬೇಕು.

ಮನೆಯನ್ನು ಅಳೆಯುವುದು ಹೇಗೆ

ಹುದುಗಿಸುವುದು ಅಂದರೆ ಯೀಸ್ಟ್, ಬ್ಯಾಕ್ಟೀರಿಯಾಗಳಿಗೆ ಊಟ ಹಾಕಿ ಸಾಕುವುದು. ಒಂದೊಂದಕ್ಕೆ ಒಂದೊಂದು ಹವೆ ಒಗ್ಗುತ್ತದೆ. ಆದ್ದರಿಂದ ಸೆಖೆಯೇ ಮೊದಲ ಲೆಕ್ಕ. ಮೇ ತಿಂಗಳಲ್ಲಿ ನಮ್ಮ ಬಿಸಿಲು 42-43 ಡಿಗ್ರಿ ಮುಟ್ಟುತ್ತದೆ. ಆರ್‌ಸಿಸಿ ಮನೆಯ ಮೇಲಿನ ಮಹಡಿಯಾದರೆ ರಾತ್ರಿ ಹನ್ನೊಂದಾದರೂ ಗೋಡೆ ಕಾವು ಬಿಡುತ್ತಲೇ ಇರುತ್ತದೆ. ಹಳೆಯ ಕಲ್ಲಿನ ಮನೆ, ಶಹಾಬಾದ್ ಪರಸಿ ಹಾಸಿದ ನೆಲ ಇದ್ದರೆ ಕೆಳಗಿನ ಮೂಲೆಯಲ್ಲಿ ಎರಡು ಮೂರು ಡಿಗ್ರಿ ಕಡಿಮೆ ಸಿಗುತ್ತದೆ. ಬೀದರ್ ನಮಗಿಂತ ಎತ್ತರದಲ್ಲಿದೆ. ಡಿಸೆಂಬರ್ ರಾತ್ರಿ ಅಲ್ಲಿ 10 ಡಿಗ್ರಿ ಆಸುಪಾಸಿಗೆ ಇಳಿಯುವುದುಂಟು. ಅಲ್ಲಿನವರು ಚಳಿಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಯಾದಗಿರಿಯವರಿಗೆ ನಮ್ಮ ಲೆಕ್ಕವೇ ಸಾಕು.

ಆಮೇಲೆ, ಯಾರು ಕುಡಿಯುತ್ತಾರೆ ಅನ್ನುವುದು. ಯೀಸ್ಟ್ ಸಕ್ಕರೆ ತಿಂದರೆ ಮದ್ಯ, ಗ್ಯಾಸ್ ಎರಡೂ ಹುಟ್ಟುತ್ತವೆ, ತೂಕದಲ್ಲಿ ಹೆಚ್ಚುಕಡಿಮೆ ಸಮ. ತಾನಾಗಿ ಗ್ಯಾಸ್ ಬರಬೇಕು, ಆದರೆ ಮದ್ಯದ ಹನಿಯೂ ಇರಬಾರದು ಅಂದರೆ ಆಗುವ ಮಾತಲ್ಲ. ನಮ್ಮ ಆಹಾರ ಸುರಕ್ಷತೆಯ ನಿಯಮಗಳು ಮದ್ಯದ ಅಂಶ ಶೇ. 0.5 ದಾಟಿದ ಪೇಯವನ್ನು ಮದ್ಯದ ಸಾಲಿಗೆ ಸೇರಿಸುತ್ತವೆ. ಮನೆಯಲ್ಲಿ ಮಕ್ಕಳು, ಗರ್ಭಿಣಿ, ಮಾತ್ರೆ ತಗೊಳ್ಳುವ ಹಿರಿಯರು, ಮದ್ಯವನ್ನು ಧರ್ಮದ ಕಾರಣಕ್ಕೆ ಮುಟ್ಟದವರು ಇದ್ದರೆ ಇದೊಂದೇ ಅಂಶ ನಿಮ್ಮ ಆಯ್ಕೆಯನ್ನು ಅರ್ಧ ಮುಗಿಸುತ್ತದೆ. ಶುಗರ್ ಇದ್ದವರಿಗೆ ಸಕ್ಕರೆ, ಬಿಪಿ ಇದ್ದವರಿಗೆ ಉಪ್ಪು, ಇವೂ ಅಷ್ಟೇ.

ಫ್ರಿಜ್ ಇದೆಯಾ, ಅದರಲ್ಲಿ ನಿಮ್ಮ ಪಾಲಿಗೆ ಎಷ್ಟು ಜಾಗ ಅನ್ನುವುದು ಇನ್ನೊಂದು. ಹುದುಗುವುದನ್ನು ನಿಧಾನ ಮಾಡಲಿಕ್ಕೆ ತಣ್ಣಗೆ ಇಡುವುದೇ ಸುಲಭದ ದಾರಿ. ಫ್ರಿಜ್ಜಿನ ಮೇಲೆ ಅಧಿಕಾರ ಇಲ್ಲದವರು (ನಮ್ಮ ಮನೆಯಲ್ಲಿ ನಾನೇ) ಒಂದೆರಡು ಬಾಟಲಿಗೆ ತೃಪ್ತಿ ಪಡಬೇಕು. ಇನ್ನು ಬಿಡುವು. ದಿನಾ ನೋಡಿಕೊಳ್ಳಬೇಕಾದ್ದು ಬೇರೆ, ವಾರಕ್ಕೊಮ್ಮೆ ಮುಟ್ಟಿದರೆ ಸಾಕಾಗುವುದು ಬೇರೆ. ದುಡ್ಡನ್ನು ಕೊನೆಗೆ ಇಟ್ಟಿದ್ದೇನೆ, ಯಾಕೆಂದರೆ ಬಿಯರ್ ಒಂದನ್ನು ಬಿಟ್ಟರೆ ಉಳಿದ ಯಾವುದೂ ಸಾವಿರ ರೂಪಾಯಿ ದಾಟುವುದಿಲ್ಲ.

ಬಿಯರ್: ಆಸೆ ಬಿಡಿಸುವ ಭಾಗ

ಇದನ್ನು ಮೊದಲೇ ಮುಗಿಸಿಬಿಡೋಣ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಬಿಯರ್ ಕೂಡ ಮದ್ಯವೇ. "ನಾನು ಮಾರೋದಿಲ್ಲ, ಸುಮ್ನೆ ನನಗೋಸ್ಕರ" ಅಂದರೂ ಅದು ತಯಾರಿಕೆಯೇ. ನನ್ನ ಅಳಿಯ ನೋಡಿದ ವಿಡಿಯೊಗಳೆಲ್ಲ ಮನೆಯಲ್ಲಿ ಮಾಡಲು ಬಿಟ್ಟಿರುವ ದೇಶಗಳವು. ಬ್ರಿಟನ್‌ನಲ್ಲಿ 1963ರಲ್ಲೇ ಇದಕ್ಕೆ ಲೈಸೆನ್ಸ್ ಬೇಡ ಅಂತಾಯಿತು. ಅಮೆರಿಕದಲ್ಲಿ 1978ರಲ್ಲಿ ಕಾಯ್ದೆ ತಿದ್ದಿದರು. ಅವರ ಹವ್ಯಾಸ ಅಲ್ಲಿಂದ ಬೆಳೆಯಿತು. ನಮ್ಮಲ್ಲಿ ಹಾಗಾಗಿಲ್ಲ.

ಕಾನೂನು ಅಡ್ಡ ಬರದಿದ್ದರೂ ಕಲಬುರಗಿಯಲ್ಲಿ ಇದು ತ್ರಾಸಿನ ಕೆಲಸವೇ. ಬಾರ್ಲಿ ಮೊಳಕೆ ಒಣಗಿಸಿದ ಮಾಲ್ಟ್, ಕಹಿಗೆ ಹಾಪ್ಸ್ ಹೂವು, ಯೀಸ್ಟ್, ನೀರು. ಸಾಮಾನು ಇಷ್ಟೇ. ಆದರೆ ಏಲ್ ಅನ್ನುವ ಬಗೆಯ ಬಿಯರ್ ಮಾಡುವ ಯೀಸ್ಟಿಗೆ 18ರಿಂದ 22 ಡಿಗ್ರಿ ಬೇಕು. ಲಾಗರ್‌ಗೆ ಇನ್ನೂ ತಂಪು, 8ರಿಂದ 13. ಅದಕ್ಕಿಂತ ಬಿಸಿಯಾದರೆ ಯೀಸ್ಟ್ ಕೆಲಸವನ್ನೇನೋ ಮಾಡುತ್ತದೆ. ಆದರೆ ಜತೆಗೆ ಬೇಡದ ಖಾರ ವಾಸನೆಯ ಮದ್ಯಗಳನ್ನೂ ಹುಟ್ಟಿಸುತ್ತದೆ. ಅದಕ್ಕೇ ಬರೀ ಹುದುಗಿಸಲಿಕ್ಕೆ ಅಂತ ಒಂದು ಹಳೇ ಫ್ರಿಜ್, ಅದಕ್ಕೊಂದು ತಾಪಮಾನ ಕಾಯುವ ಸಾಧನ ಇಡುತ್ತಾರೆ. ನಾರ್ವೆಯ ಹಳ್ಳಿಗಳಿಂದ ಬಂದ ಕ್ವೈಕ್ ಅನ್ನುವ ಯೀಸ್ಟ್ 35-40 ಡಿಗ್ರಿಯಲ್ಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಂದರೆ ಬಿಸಿಲಿಗೆ ಉಪಾಯ ಉಂಟು, ಕಾಯ್ದೆಗೆ ಇಲ್ಲ. ಬಿಯರೇ ಬೇಕೆನ್ನುವವರು ಅಂಗಡಿಯಿಂದ ತಂದು ಕುಡಿಯಿರಿ. ಹುದುಗಿಸುವ ಆಟ ಬೇಕು ಅನ್ನುವವರು ಮುಂದೆ ಓದಿ.

ಅಂಬಲಿ: ಬಿಸಿಲೇ ಇದಕ್ಕೆ ಬಂಡವಾಳ

ಆಫ್ರಿಕಾದ ಹಲವು ಕಡೆ ಜೋಳದಿಂದಲೇ ಬಿಯರ್ ಮಾಡುತ್ತಾರೆ. ನಮ್ಮವರು ಅದೇ ಜೋಳವನ್ನು ಹುಳಿ ಬರಿಸಿ ಅಂಬಲಿ ಮಾಡಿದರು. ಹವ್ಯಾಸ ಅಂತ ಯಾರೂ ಇದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನನ್ನ ಪ್ರಕಾರ ಶುರು ಮಾಡಬೇಕಾದ್ದೇ ಇಲ್ಲಿಂದ.

ರಾತ್ರಿ ಮಲಗುವ ಮುಂದೆ ಮೂರು ದೊಡ್ಡ ಚಮಚ ಜೋಳದ ಹಿಟ್ಟನ್ನು ಒಂದು ಲೋಟ ನೀರಲ್ಲಿ ಗಂಟಿಲ್ಲದಂತೆ ಕದಡಿ ಗಡಿಗೆಯಲ್ಲಿ ಇಡಿ. ಬೆಳಿಗ್ಗೆ ಮೂಗಿಗೆ ಹಿಡಿದರೆ ತುಸು ಹುಳಿ ವಾಸನೆ ಬರಬೇಕು, ಮೇಲೆ ಸಣ್ಣ ಸಣ್ಣ ಗುಳ್ಳೆ ಕಾಣಬೇಕು. ಮೂರು ಲೋಟ ನೀರು ಕುದಿಸಿ ಅದಕ್ಕೆ ಇದನ್ನು ಸುರಿದು, ಕೈ ಬಿಡದೆ ತಿರುಗಿಸುತ್ತಾ ಎಂಟು ಹತ್ತು ನಿಮಿಷ ಬೇಯಿಸಿ. ಆರಿದ ಮೇಲೆ ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ. ಜತೆಗೆ ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ ಇದ್ದರೆ ಮಧ್ಯಾಹ್ನದ ಊಟವೇ ಬೇಡ.

ಏಪ್ರಿಲ್‌ನಲ್ಲಿ ಎಂಟು ತಾಸಿಗೆ ಹುಳಿ ಬರುವ ಹಿಟ್ಟು ಡಿಸೆಂಬರ್‌ನಲ್ಲಿ ಹದಿನಾಲ್ಕು ತಾಸು ತಗೊಳ್ಳುತ್ತದೆ. ನನ್ನ ಅವ್ವ ಗಡಿಯಾರ ನೋಡುವುದಿಲ್ಲ. ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು "ಇನ್ನೂ ನಿಂದ್ರು" ಅಂತಾಳೆ. ಈ ಹದ ಒಮ್ಮೆ ಕೈಗೆ ಸಿಕ್ಕರೆ ಉಳಿದ ಎಲ್ಲ ಹುದುಗಿಗೂ ಅದೇ ಗುರು. ಹಿಂಗಾರಿ ಬಿಳಿಜೋಳ, ಅದರಲ್ಲೂ ಮಾಲ್ದಂಡಿ ತಳಿ ಆದರೆ ರುಚಿ ತುಸು ಸಿಹಿ. ಗಿರಣಿಯಿಂದ ಹೊಸದಾಗಿ ತಂದ ಹಿಟ್ಟು ಇರಲಿ. ಪ್ಯಾಕೆಟ್ಟಿನ ಹಳೇ ಹಿಟ್ಟಿಗೆ ಹುಳಿ ಸರಿಯಾಗಿ ಬರದೆ ಮುಗ್ಗಲು ವಾಸನೆ ಬಂದದ್ದು ನನಗೆ ಎರಡು ಸಲ ಆಗಿದೆ.

ಖರ್ಚು ಲೆಕ್ಕ ಹಾಕುವಷ್ಟಿಲ್ಲ. ಕುದಿಸುವುದರಿಂದ ಮದ್ಯದ ಚಿಂತೆ ಇಲ್ಲ, ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಕುಡಿಯಬಹುದು. ಕೊರತೆ ಎರಡು. ಗ್ಯಾಸ್ ಇಲ್ಲ, ಅದರಿಂದ ಹುಡುಗರಿಗೆ ಮಜಾ ಬರುವುದಿಲ್ಲ. ಮತ್ತೆ, ಮಾಡಿದ ದಿನವೇ ಮುಗಿಸಬೇಕು. ಸಂಜೆವರೆಗೆ ಹೊರಗಿಟ್ಟರೆ ಬಾಯಿಗೆ ಇಡಲಾಗದಷ್ಟು ಹುಳಿ.

ಶುಂಠಿ ಸೋಡಾ: ಮಜಾ ಜಾಸ್ತಿ, ಎಚ್ಚರವೂ ಜಾಸ್ತಿ

ಜಿಂಜರ್ ಬಿಯರ್ ಅನ್ನುವ ಹೆಸರಿನಿಂದಲೇ ಅರ್ಧ ಜನ ಇದಕ್ಕೆ ಬೀಳುತ್ತಾರೆ. ನಾನು ಶುಂಠಿ ಸೋಡಾ ಅಂತೀನಿ. ನಮ್ಮ ಕಡೆ ಹಸಿ ಶುಂಠಿಗೆ ಅಲ್ಲ ಅನ್ನುವುದರಿಂದ ನನ್ನ ಹೆಂಡತಿ ಇದನ್ನು "ಅಲ್ಲದ ಸೋಡಾ" ಅಂತಾಳೆ, ಎರಡೂ ಅರ್ಥದಲ್ಲಿ.

ಶುಂಠಿ ಸಿಪ್ಪೆಯ ಮೇಲೆಯೇ ಯೀಸ್ಟ್ ಇರುತ್ತದೆ. ಅದನ್ನು ಎಬ್ಬಿಸಿ ಹೆಪ್ಪು ಮಾಡಿಕೊಳ್ಳುವುದೇ ಮೊದಲ ಕೆಲಸ. ಗಾಜಿನ ಶೀಶೆಯಲ್ಲಿ ಎರಡು ಲೋಟ ನೀರು, ಸಿಪ್ಪೆ ಸಮೇತ ತುರಿದ ಶುಂಠಿ ಒಂದು ಚಮಚ, ಸಕ್ಕರೆ ಒಂದು ಚಮಚ. ದಿನಾ ಇಷ್ಟಿಷ್ಟೇ ಶುಂಠಿ, ಸಕ್ಕರೆ ಸೇರಿಸಿ ಕದಡಿ, ಬಾಯಿಗೆ ಬಟ್ಟೆ ಕಟ್ಟಿ. ತಂಪು ಊರಿನವರು ಐದಾರು ದಿನ ಕಾಯುತ್ತಾರೆ. ನಮ್ಮಲ್ಲಿ ಬೇಸಿಗೆಯಲ್ಲಿ ಎರಡನೇ ದಿನದ ಸಂಜೆಗೇ ಸುಯ್ ಅಂತ ಸದ್ದು ಬರುತ್ತದೆ. ಬೀದರ್ ಜಿಲ್ಲೆಯಲ್ಲಿ ಶುಂಠಿ ಬೆಳೆಯುವುದರಿಂದ ನಮಗೆ ತಾಜಾ ಸಿಗುವುದು ಕಷ್ಟವಲ್ಲ. ಮಣ್ಣು ಹತ್ತಿದ್ದನ್ನೇ ಆರಿಸಿ ತನ್ನಿ. ಕಣ್ಣಿ ಮಾರ್ಕೆಟ್‌ನಲ್ಲಿ ಬಿಳಿಚಿಕೊಂಡು ಥಳಥಳ ಹೊಳೆಯುವ ಶುಂಠಿಯೂ ಇರುತ್ತದೆ, ಅದರಲ್ಲಿ ಹೆಪ್ಪು ಏಳದೆ ನಾನು ವಾರ ಕಾದಿದ್ದೇನೆ. ನಲ್ಲಿ ನೀರಾದರೆ ಕುದಿಸಿ ಆರಿಸಿ ಹಾಕಿ. ಬೆಣ್ಣೆತೊರಾ ನೀರಾಗಲಿ, ಭೀಮೆಯ ನೀರಾಗಲಿ, ಮನೆಗೆ ಬರುವ ಹೊತ್ತಿಗೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಕ್ಲೋರಿನ್‌ಗೆ ಒಳ್ಳೆಯ ಯೀಸ್ಟ್, ಕೆಟ್ಟ ಕ್ರಿಮಿ ಅನ್ನುವ ಭೇದ ಇಲ್ಲ.

ಆಮೇಲೆ ಲೀಟರ್ ನೀರಿಗೆ 30 ಗ್ರಾಂ ಶುಂಠಿ ಜಜ್ಜಿ ಕುದಿಸಿ, 50 ಗ್ರಾಂ ಸಕ್ಕರೆ ಕರಗಿಸಿ, ಪೂರ್ತಿ ಆರಿದ ಮೇಲೆ ಒಂದು ನಿಂಬೆಹಣ್ಣು ಹಿಂಡಿ, ಸೋಸಿದ ಹೆಪ್ಪು ಅರ್ಧ ಲೋಟ ಸೇರಿಸಿ ಬಾಟಲಿಗೆ ತುಂಬಿ. ಹೊರಗಡೆ 12ರಿಂದ 18 ತಾಸು. ನಂತರ ಫ್ರಿಜ್.

50 ಗ್ರಾಂ ಅಂತ ಯಾಕೆ ಹಟ ಹಿಡಿಯುತ್ತೇನೆ ಗೊತ್ತಾ? ಒಂದು ಗ್ರಾಂ ಸಕ್ಕರೆ ಪೂರ್ತಿ ಹುದುಗಿದರೆ ಹತ್ತಿರ ಹತ್ತಿರ ಅರ್ಧ ಗ್ರಾಂ ಮದ್ಯ. ಲೀಟರಿಗೆ 80 ಗ್ರಾಂ ಹಾಕಿ ಮರೆತುಬಿಟ್ಟರೆ ಶೇ. 5ರ ಬಿಯರೇ ಆಯಿತು. 50 ಹಾಕಿದರೂ ಮರೆತರೆ ಶೇ. 3. ಒಂದೇ ದಿನಕ್ಕೆ ಫ್ರಿಜ್ಜಿಗೆ ಸೇರಿಸಿದರೆ ಇದರಲ್ಲಿ ಸಣ್ಣ ಪಾಲಷ್ಟೇ ಹುದುಗಿರುತ್ತದೆ. ಆದರೂ ಒಳ್ಳೆ ಗ್ಯಾಸ್ ಬಂದ ಬಾಟಲಿಯಲ್ಲಿ ಶೇ. 0.5ರಿಂದ 1ರಷ್ಟು ಮದ್ಯ ಇರಬಹುದು. ಮಕ್ಕಳಿಗೆ ಕೊಡುವ ಮುಂಚೆ ಇದನ್ನು ನೆನಪಿಡಿ. ಗ್ಯಾಸ್ ಕಮ್ಮಿ ಇರುವಾಗಲೇ ಫ್ರಿಜ್ಜಿಗೆ ಹಾಕಿ ಎರಡು ಮೂರು ದಿನದಲ್ಲಿ ಮುಗಿಸುವುದು ನನ್ನ ಪದ್ಧತಿ. ಮದ್ಯದ ಸುಳಿವೇ ಬೇಡ ಅನ್ನುವ ಮನೆಯಲ್ಲಿ ಹೆಪ್ಪು ಬಿಟ್ಟು ಬರೀ ಶುಂಠಿ ಪಾಕ ಮಾಡಿ, ಅಂಗಡಿಯ ಗೋಲಿ ಸೋಡಾ ಬೆರೆಸಿ ಕೊಡಿ. ಮಕ್ಕಳಿಗೆ ಗೋಲಿ ಒತ್ತುವ ಖುಷಿಯೂ ಸಿಗುತ್ತದೆ.

ಈಗ ಬಾಟಲಿಯ ವಿಷಯ. ಮೂರು ವರ್ಷದ ಹಿಂದೆ, ಮೇ ತಿಂಗಳು. ಶರಬತ್ತಿನ ಹಳೇ ಗಾಜಿನ ಬಾಟಲಿಗೆ ಸೋಡಾ ತುಂಬಿ, ಬಿರಡೆ ಬಿಗಿದು, ಅಡುಗೆಮನೆ ಅಟ್ಟದ ಮೇಲಿಟ್ಟೆ. ಮರುದಿನ ಎಲ್ಲರೂ ಗಾಣಗಾಪುರಕ್ಕೆ ಹೋದೆವು. ಬಾಟಲಿ ನೆನಪಾಗಲಿಲ್ಲ. ರಾತ್ರಿ ಬಂದು ಮಲಗಿದ ಮೇಲೆ, ಎರಡು ಗಂಟೆ ಸುಮಾರಿಗೆ, ಢಬ್ ಅಂತ ಸದ್ದು. ಟ್ರಾನ್ಸ್‌ಫಾರ್ಮರ್ ಹೋಯಿತು ಅಂದುಕೊಂಡೆ. ಫ್ಯಾನ್ ತಿರುಗುತ್ತಲೇ ಇತ್ತು. ಅಡುಗೆಮನೆ ಲೈಟ್ ಹಾಕಿದರೆ ಗೋಡೆ ತುಂಬಾ ಶುಂಠಿ ನೀರು. ಅವ್ವ ಆರಿಸಲಿಕ್ಕೆ ಅಂತ ಮೊರದಲ್ಲಿ ಹರವಿಟ್ಟಿದ್ದ ಮೂರು ಕೆಜಿ ತೊಗರಿಬೇಳೆಯ ತುಂಬ ಗಾಜಿನ ಚೂರು. ಅಷ್ಟನ್ನೂ ಚೆಲ್ಲಿದೆವು. ಅವ್ವ ಬೈಯಲಿಲ್ಲ. "ಬ್ಯಾಳಿ ಹೋದ್ರ ಹೋಗ್ಲಿ, ಕಣ್ಣು ಉಳದಾವಲ್ಲ" ಅಂದಳು. ಆವತ್ತಿನಿಂದ ಈ ಮನೆಯಲ್ಲಿ ಸೋಡಾಕ್ಕೆ ಗಾಜು ಇಲ್ಲ. ಅಂಗಡಿ ಸೋಡಾದ ಪ್ಲಾಸ್ಟಿಕ್ ಬಾಟಲಿಯೇ ಸರಿ. ಅದನ್ನು ಒತ್ತಿ ನೋಡಿದರೆ ಒಳಗಿನ ಒತ್ತಡ ಗೊತ್ತಾಗುತ್ತದೆ. ಕಲ್ಲಿನಂತೆ ಗಟ್ಟಿಯಾದರೆ ತಡ ಮಾಡದೆ ಫ್ರಿಜ್ಜಿಗೆ. ನೀರಿನ ತೆಳು ಬಾಟಲಿ ಮಾತ್ರ ಬೇಡ, ಅದು ಒತ್ತಡಕ್ಕೆ ಮಾಡಿದ್ದಲ್ಲ.

ಕೊಂಬುಚಾ: ತಾಳ್ಮೆ ಇದ್ದವರ ಸೊತ್ತು

ಸಿಹಿ ಚಹಾವನ್ನು ಹುಳಿ ಬರಿಸಿದ್ದೇ ಕೊಂಬುಚಾ. ಮೇಲೆ ತೇಲುವ ದಪ್ಪ ಕೆನೆಯಂಥ ಪೊರೆಗೆ ಸ್ಕೋಬಿ ಅಂತಾರೆ. ಯೀಸ್ಟ್, ಬ್ಯಾಕ್ಟೀರಿಯಾ ಎರಡೂ ಅದರಲ್ಲಿ ಒಟ್ಟಿಗೆ ಬದುಕುತ್ತವೆ. ಯೀಸ್ಟ್ ಸಕ್ಕರೆಯನ್ನು ಮದ್ಯ ಮಾಡುತ್ತದೆ, ಬ್ಯಾಕ್ಟೀರಿಯಾ ಆ ಮದ್ಯದ ಹೆಚ್ಚಿನ ಪಾಲನ್ನು ಹುಳಿ ಮಾಡುತ್ತದೆ. ಅಲ್ಪ ಸ್ವಲ್ಪ ಉಳಿದೇ ಉಳಿಯುತ್ತದೆ.

ಲೀಟರಿಗೆ ಮೂರು ಚಮಚ ಚಹಾಪುಡಿ, 70 ಗ್ರಾಂ ಸಕ್ಕರೆ, ಹಿಂದಿನ ಸಲದ ಹುಳಿ ಕೊಂಬುಚಾ 150 ಎಂಎಲ್, ಜತೆಗೆ ಪೊರೆ. ಏಲಕ್ಕಿ, ಮಸಾಲೆ ಹಾಕಿದ ಚಹಾಪುಡಿ ಬೇಡ. ಹಿಂದಿನ ಹುಳಿಯನ್ನು ಉಳಿಸಲಿಕ್ಕೆ ಹೋಗಬೇಡಿ. ಶುರುವಿನಲ್ಲೇ ಹುಳಿ ಇದ್ದರೆ ಬೂಷ್ಟು ಸುಲಭಕ್ಕೆ ಹತ್ತಿರ ಬರುವುದಿಲ್ಲ. ಹುಳಿ ಅಳೆಯಲಿಕ್ಕೆ ನೂರೈವತ್ತು ರೂಪಾಯಿಯ ಪಿಎಚ್ ಪಟ್ಟಿ ತಂದಿಟ್ಟುಕೊಳ್ಳಿ (ಅಂಕಿ ಕಮ್ಮಿಯಾದಷ್ಟೂ ಹುಳಿ ಜಾಸ್ತಿ): ಶುರುವಿಗೆ 4.5ಕ್ಕಿಂತ ಕೆಳಗೆ, ಕುಡಿಯುವಾಗ 3ರ ಆಸುಪಾಸು.

ಪಾತ್ರೆ ಗಾಜಿನದೇ ಆಗಬೇಕು. ನಮ್ಮ ಮನೆಗಳಲ್ಲಿ ತಾಮ್ರದ ತಂಬಿಗೆ ಅಂದರೆ ಭಾಳ ಪ್ರೀತಿ, ಆದರೆ ಈ ಹುಳಿ ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಮೂರನ್ನೂ ಕರಗಿಸಿ ಹೊಟ್ಟೆಗೆ ಕಳಿಸುತ್ತದೆ.

ಸೆಖೆಯ ಮಾತಿಗೆ ಬಂದರೆ ಇದು ತುಸು ನಾಜೂಕು. 24ರಿಂದ 29 ಡಿಗ್ರಿ ಇದಕ್ಕೆ ಹಿತ. ನವೆಂಬರ್‌ನಲ್ಲಿ ನನ್ನದು ಒಂಬತ್ತು ದಿನಕ್ಕೆ ಹದಕ್ಕೆ ಬರುತ್ತದೆ, ರುಚಿಯಲ್ಲಿ ಸೇಬಿನ ನೆನಪಾಗುತ್ತದೆ. ಏಪ್ರಿಲ್‌ನಲ್ಲಿ ಹಾಗೇ ಬಿಟ್ಟರೆ ನಾಲ್ಕೇ ದಿನಕ್ಕೆ ವಿನೆಗರ್. ಅದಕ್ಕೊಂದು ಉಪಾಯ ಇದೆ, ನಮ್ಮ ಒಣ ಹವೆಗೆ ಹೇಳಿ ಮಾಡಿಸಿದ್ದು. ಅಗಲ ಪರಾತದಲ್ಲಿ ಎರಡು ಬೆರಳು ನೀರು ಹಾಕಿ ಜಾಡಿ ಇಡಿ. ಒದ್ದೆ ಹತ್ತಿ ಪಂಚೆಯನ್ನು ಜಾಡಿಗೆ ಸುತ್ತಿ ಅದರ ತುದಿ ನೀರಲ್ಲಿ ಇಳಿಬಿಡಿ. ಮುಂದೆ ಒಂದು ಟೇಬಲ್ ಫ್ಯಾನ್. ಕೋಣೆ 38 ಇದ್ದಾಗ ಜಾಡಿಯೊಳಗೆ 29 ಬಂದದ್ದನ್ನು ನಾನೇ ಅಳೆದಿದ್ದೇನೆ. ಕುತ್ತಿಗೆಗೆ ಕಟ್ಟಿದ ಬಟ್ಟೆ ಮಾತ್ರ ಒಣಗಿರಬೇಕು. ಅದು ಒದ್ದೆಯಾದರೆ ಎರಡೇ ದಿನಕ್ಕೆ ಹಸಿರು ಬೂಷ್ಟು. ಹಾಗಾದರೆ ಮೇಲಿನದನ್ನು ತೆಗೆದು ಕುಡಿಯುವ ಹುಂಬತನ ಬೇಡ, ಪೊರೆ ಸಮೇತ ಎಲ್ಲವನ್ನೂ ಚೆಲ್ಲಿ. ಮಳೆಗಾಲದಲ್ಲಿ ಗಾಳಿಯಲ್ಲೇ ಪಸೆ ಇರುವುದರಿಂದ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ. ಆಗ ಬಿಸಿಲೂ ಕಮ್ಮಿ ಅನ್ನಿ.

ಪೊರೆಯನ್ನು ಆನ್‌ಲೈನ್‌ನಲ್ಲಿ ತರಿಸಿದಾಗ ನನಗೆ ನಾನೂರು ರೂಪಾಯಿ ಬಿತ್ತು. ಒಂದು ಸಲ ತಂದರೆ ಮುಗಿಯಿತು, ಅದು ಬೆಳೆಯುತ್ತಲೇ ಇರುತ್ತದೆ. ವಾರಕ್ಕೊಮ್ಮೆ ಅರ್ಧ ತಾಸಿನ ಕೆಲಸ. ಹತ್ತು ದಿನ ಊರಿಗೆ ಹೋದರೂ ಸಾಯುವುದಿಲ್ಲ, ಹುಳಿಯಾಗುತ್ತದೆ ಅಷ್ಟೇ. ಆ ಹುಳಿಯೇ ಮುಂದಿನ ಸಲದ ಹೆಪ್ಪು. ಇದನ್ನು ಕುಡಿದರೆ ಶುಗರ್ ಹೋಗುತ್ತದೆ, ಕೀಲುನೋವು ಹೋಗುತ್ತದೆ ಅನ್ನುವವರ ಮಾತಿಗೆ ಮರುಳಾಗಬೇಡಿ. ಹಾಕಿದ ಸಕ್ಕರೆಯಲ್ಲಿ ಒಳ್ಳೇ ಪಾಲು ಇನ್ನೂ ಅದರಲ್ಲೇ ಇರುತ್ತದೆ. ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಇದು ಬೇಡ.

ಕಾಂಜಿ

ಇದು ಉತ್ತರ ಭಾರತದವರದು, ಹೋಳಿ ಹೊತ್ತಿಗೆ ಮಾಡುತ್ತಾರೆ. ಅವರ ಕಪ್ಪು ಗಜ್ಜರಿ ನಮ್ಮಲ್ಲಿ ಸಿಗುವುದು ಅಪರೂಪ. ಸಾದಾ ಗಜ್ಜರಿ, ಒಂದು ಬೀಟ್‌ರೂಟ್ ಸಾಕು. ಬೆರಳುದ್ದ ಹೆಚ್ಚಿ, ಲೀಟರ್ ನೀರಿಗೆ 20 ಗ್ರಾಂ ಉಪ್ಪು, ಎರಡು ಚಮಚ ಸಾಸಿವೆ ಪುಡಿ, ಖಾರದ ಪುಡಿ ಹಾಕಿ ಗಾಜಿನ ಜಾಡಿಯಲ್ಲಿ ಬಿಸಿಲಿಗಿಡಿ. ತರಕಾರಿ ನೀರಲ್ಲಿ ಮುಳುಗಿರಲಿ. ನಮ್ಮ ಬಿಸಿಲಿಗೆ ಎರಡು ದಿನ. ಸಕ್ಕರೆ ಹಾಕದ ಕಾರಣ ಮದ್ಯದ ಚಿಂತೆ ತೀರಾ ಕಮ್ಮಿ. ಉಪ್ಪು ಮಾತ್ರ ಜೋರು, ಬಿಪಿ ಇದ್ದವರು ದೂರ ಇರಲಿ. ಸಾಸಿವೆಯ ಆ ಘಾಟು ಕೆಲವರಿಗೆ ಮೊದಲ ಗುಟುಕಿಗೇ ಹಿಡಿಸುತ್ತದೆ, ಕೆಲವರಿಗೆ ಜನ್ಮದಲ್ಲಿ ಹಿಡಿಸುವುದಿಲ್ಲ. ನಾನು ಎರಡನೇ ಗುಂಪಿನವನು, ಆದ್ದರಿಂದ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಕಡಕ್ ರೊಟ್ಟಿಯ ಕ್ವಾಸ್

ಬಿಯರ್ ಆಸೆ ಪೂರ್ತಿ ಬಿಡಲಾಗದವರಿಗೆ ಇದು. ರಷ್ಯಾದವರು ರೈ ಅನ್ನುವ ಧಾನ್ಯದ ಒಣ ಬ್ರೆಡ್ ನೆನೆಸಿ ಕ್ವಾಸ್ ಮಾಡುತ್ತಾರೆ. ಆ ಬ್ರೆಡ್ ನಮ್ಮಲ್ಲಿಲ್ಲ, ಕಡಕ್ ರೊಟ್ಟಿ ಬೇಕಾದಷ್ಟಿದೆ. ಒಂದು ದಿನ ಡಬ್ಬಿಯ ತಳದಲ್ಲಿ ಉಳಿದ ಚೂರುಗಳನ್ನು ನೋಡುತ್ತಾ ಇದು ಹೊಳೆಯಿತು.

ಐದಾರು ಜೋಳದ ಕಡಕ್ ರೊಟ್ಟಿಯನ್ನು ತವೆಯ ಮೇಲೆ ಇನ್ನೊಮ್ಮೆ ಹಾಕಿ, ಕಂದು ಬಣ್ಣ ದಾಟಿ ಅಂಚು ಕರಿಯಾಗುವವರೆಗೆ ಸುಡಬೇಕು. ಒಂದೂವರೆ ಲೀಟರ್ ಕುದಿಯುವ ನೀರಲ್ಲಿ ಮುರಿದು ಹಾಕಿ, ಹುರಿದ ಮೆಂತ್ಯ ಅರ್ಧ ಚಮಚ ಸೇರಿಸಿ ಮುಚ್ಚಿಡಿ. ಆರು ತಾಸಾದ ಮೇಲೆ ಹಿಂಡದೆ ಸೋಸಿ. ಹಿಂಡಿದರೆ ಗಂಜಿಯಾಗುತ್ತದೆ, ನನ್ನ ಮೊದಲ ಸಲದ್ದು ಹಾಗೇ ಹಾಳಾಯಿತು. ಸಿಕ್ಕ ಲೀಟರಿಗೆ 40 ಗ್ರಾಂ ಬೆಲ್ಲ, ಕಾಲು ಲೋಟ ಶುಂಠಿ ಹೆಪ್ಪು. ಪ್ಲಾಸ್ಟಿಕ್ ಬಾಟಲಿಯಲ್ಲಿ 12 ತಾಸು, ಆಮೇಲೆ ಫ್ರಿಜ್.

ಬಣ್ಣ ಕಡು ಕಂದು. ನೊರೆ ಬರುತ್ತದೆ, ಆದರೆ ಬಿಯರಿನಂತೆ ನಿಲ್ಲುವುದಿಲ್ಲ. ವಾಸನೆ ಸುಟ್ಟ ರೊಟ್ಟಿಯದು, ಕೊನೆಗೆ ನಾಲಿಗೆಯ ಹಿಂದೆ ಮೆಂತ್ಯದ ಸಣ್ಣ ಕಹಿ. ಬಿಯರ್ ಅಂತ ಯಾರನ್ನೂ ಮೋಸ ಮಾಡಲಿಕ್ಕಾಗುವುದಿಲ್ಲ. ಆದರೆ ಸಂಜೆ ಮಾಳಿಗೆ ಮೇಲೆ ಕೂತು ಶೇಂಗಾ ತಿನ್ನುತ್ತಾ ಕುಡಿಯಲಿಕ್ಕೆ ಶುಂಠಿ ಸೋಡಾಕ್ಕಿಂತ ನನಗೆ ಇದೇ ಇಷ್ಟ. ಮದ್ಯ, ಬಾಟಲಿ, ಫ್ರಿಜ್ ವಿಷಯದಲ್ಲಿ ಸೋಡಾಕ್ಕೆ ಹೇಳಿದ ಎಚ್ಚರಿಕೆಯೆಲ್ಲ ಇದಕ್ಕೂ ಉಂಟು.

ಹಾಗಾದರೆ ಯಾರಿಗೆ ಯಾವುದು

ವಿಶ್ವವಿದ್ಯಾಲಯದ ಕಡೆ ರೂಮ್ ಮಾಡಿಕೊಂಡಿರುವ ಹುಡುಗರು, ಫ್ರಿಜ್ ಇಲ್ಲದವರು: ಕಾಂಜಿ ಅಥವಾ ಅಂಬಲಿ. ಶುಂಠಿ ಸೋಡಾ ಮುಟ್ಟಲೇಬೇಡಿ. ಫ್ರಿಜ್ ಇಲ್ಲದೆ ಮೇ ತಿಂಗಳಲ್ಲಿ ಗ್ಯಾಸ್ ಬಾಟಲಿ ಇಟ್ಟುಕೊಂಡರೆ ರೂಮ್‌ಮೇಟ್ ಜತೆ ಜಗಳ ಖಾತ್ರಿ. ಬೇಸಿಗೆಯಲ್ಲಿ ಕರೆಂಟ್ ಪದೇ ಪದೇ ಕೈಕೊಡುವ ಊರಿನವರಿಗೂ ಇದೇ ಮಾತು.

ಮಕ್ಕಳು, ಮುದುಕರು ತುಂಬಿದ ಮನೆಗೆ ಅಂಬಲಿ. ಗ್ಯಾಸ್ ಬೇಕೇಬೇಕು ಅಂತ ಮಕ್ಕಳು ಹಟ ಹಿಡಿದರೆ ಶುಂಠಿ ಪಾಕ, ಗೋಲಿ ಸೋಡಾ. ಶುಗರ್ ಇದ್ದವರು ಅಂಬಲಿಯನ್ನೂ ಹಿತಮಿತವಾಗಿ ಕುಡಿಯಲಿ, ಅದೂ ಹಿಟ್ಟೇ ಅಲ್ವಾ.

ವಾರಕ್ಕೊಂದೇ ದಿನ ಬಿಡುವು ಇದ್ದು, ಅಳತೆ, ದಿನಚರಿ ಬರೆಯುವುದರಲ್ಲಿ ಖುಷಿ ಕಾಣುವ ಸ್ವಭಾವ ಇದ್ದರೆ ಕೊಂಬುಚಾ ನಿಮ್ಮದು. ಗಾಜಿನ ಜಾಡಿ, ಪೊರೆ, ಪಿಎಚ್ ಪಟ್ಟಿ, ಥರ್ಮಾಮೀಟರ್ ಎಲ್ಲ ಸೇರಿ ಎಂಟುನೂರು ಒಂಬೈನೂರರಲ್ಲಿ ಮುಗಿಯುತ್ತದೆ. ಆದರೆ ಏಪ್ರಿಲ್‌ನಲ್ಲಿ ಶುರು ಮಾಡಬೇಡಿ. ದಸರಾ ಮುಗಿದ ಮೇಲೆ ಮಾಡಿ, ಬೇಸಿಗೆ ಬರುವಷ್ಟರಲ್ಲಿ ಕೈ ಪಳಗಿರುತ್ತದೆ. ಬೀದರಿನವರು ಅದಕ್ಕೂ ಮುಂಚೆ, ಗಣೇಶ ಹಬ್ಬದ ಹೊತ್ತಿಗೇ ಇಡುವುದು ಮೇಲು. ಡಿಸೆಂಬರ್ ಚಳಿಯಲ್ಲಿ ಹೊಸ ಪೊರೆ ಮುದುಡಿ ಕೂರುತ್ತದೆ, ಆ ಹೊತ್ತಿಗೆ ಬೂಷ್ಟು ಮೊದಲೇ ಬಂದುಬಿಡುತ್ತದೆ.

ದಿನಾ ಐದು ನಿಮಿಷ ಕೊಡಬಲ್ಲವರಿಗೆ, ಕೈಯಾಡಿಸುತ್ತಲೇ ಇರಬೇಕು ಅನ್ನುವವರಿಗೆ ಶುಂಠಿ ಹೆಪ್ಪು. ಅದರಿಂದ ಸೋಡಾ, ಕ್ವಾಸ್ ಎರಡೂ ಆಗುತ್ತವೆ. ಬಿಯರ್ ಮಾಡುವವರಿಗೆ ಸಿಗುವ ಖುಷಿಗೆ ಇದೇ ಹತ್ತಿರ: ಇವತ್ತು ಬೆಲ್ಲ, ನಾಳೆ ಕಮಲಾಪುರದ ಕೆಂಪು ಬಾಳೆ, ನಾಡಿದ್ದು ಹುಣಸೆ, ಹೀಗೆ ಬದಲಿಸುತ್ತಾ ಹೋಗಬಹುದು. ಊರಿಗೆ ಹೋಗುವಾಗ ಹೆಪ್ಪನ್ನು ಫ್ರಿಜ್ಜಿಗೆ ಹಾಕಿ, ಬಂದ ಮೇಲೆ ಒಂದೆರಡು ದಿನ ಸಕ್ಕರೆ ಕೊಟ್ಟರೆ ಎದ್ದು ಕೂರುತ್ತದೆ.

ನನ್ನ ಅಳಿಯ ಇದನ್ನೇ ಆರಿಸಿಕೊಂಡ. ಹೆಪ್ಪು ನನ್ನಿಂದಲೇ ಒಯ್ದ. ನೀವೂ ಯಾರಿಂದಲಾದರೂ ಇಸಕೊಂಡು ಒಯ್ಯುವುದಾದರೆ ಶೀಶೆಯನ್ನು ಅರ್ಧ ಮಾತ್ರ ತುಂಬಿ, ಮುಚ್ಚಳ ಸಡಿಲ ಬಿಟ್ಟು, ಕೈಯಲ್ಲೇ ನೆಟ್ಟಗೆ ಹಿಡಿದುಕೊಳ್ಳಿ. ಅವನು ಬೀದರಿನ ಗೆಳೆಯನಿಗೂ ಸ್ವಲ್ಪ ಕೊಡೋಣ ಅಂತ ಬಾಟಲಿಯನ್ನು ಬಿಗಿಯಾಗಿ ಮುಚ್ಚಿ ಬ್ಯಾಗಿಗೆ ತುರುಕಿ ಮಧ್ಯಾಹ್ನದ ಬಸ್ಸು ಹತ್ತಿದ. ಹುಮನಾಬಾದ್ ಬರುವಷ್ಟರಲ್ಲಿ ಮುಚ್ಚಳ ಹಾರಿತ್ತು. ಅವನ ಲ್ಯಾಪ್‌ಟಾಪಿನ ಚೀಲ ಇವತ್ತಿಗೂ ಶುಂಠಿ ನಾರುತ್ತದೆ.